ಎಡತೋಳಿನ ಗುರುತು

ಕೊಡಿಯಾಲ್‌ಬೈಲಿನ ವಿಮೆ ಆಫೀಸಿನ ದೊಡ್ಡ ಅಧಿಕಾರಿಯನ್ನು ಒಂದೇ ಡೈಲಾಗಿಗೆ ಕುರ್ಚಿಯಿಂದ ಎಬ್ಬಿಸಿದ ಗಂಡು ಇಡೀ ಮಂಗಳೂರಿನಲ್ಲಿ ಒಬ್ಬನೇ. ಅವನ ಕಥೆಯನ್ನೇ ನೀವೀಗ ಓದುತ್ತಿದ್ದೀರಿ. ಬೇಕಾದರೆ ನೀವೂ ಎದ್ದು ನಿಂತು ಓದಿ. ಬೆಂಗ್ರೆಯ ಕಿಟ್ಟು ಅಂದರೆ ನಾನೇ. ಟಾಕೀಸಿನ ಪರದೆಯ ಮೇಲೆ ಯುವರಾಜ ಬಾಯಿ ತೆರೆಯುವ ಮೊದಲೇ ನೆಲದ ಮೇಲೆ ಕೂತ ನಾನು ಅವನ ಮಾತು ಮುಗಿಸಿರುತ್ತೇನೆ. ತಮಿಳಾದರೂ ಸರಿ, ಹಿಂದಿಯಾದರೂ ಸರಿ. ಅರ್ಥ ಬೇಕಾದವರು ಶಾಲೆಗೆ ಹೋಗಲಿ.

ಗಿರಿಯಪ್ಪ ಮಾವ ನನ್ನ ಅಮ್ಮನ ತಮ್ಮ. ಒಂದು ದೋಣಿ, ಅದರ ಬಲೆ, ಹೆಂಡತಿ ರಾಜೀವಿ, ಪುಟ್ಟ ಮಗಳು ಅಪ್ಪಿ, ಇಷ್ಟು ಅವನ ಆಸ್ತಿ. ಆದರೆ ನಮ್ಮದು ಅಳಿಯಕಟ್ಟು. ಗಂಡಸು ಸತ್ತರೆ ದೋಣಿ ಬಲೆ ಎಲ್ಲ ಅಕ್ಕತಂಗಿಯರ ಮನೆಗೆ, ಅಂದರೆ ಅಳಿಯನಾದ ನನಗೆ. ಹೆಂಡತಿ ಮಗಳಿಗೆ ಏನೂ ಇಲ್ಲ. ಇದು ತಿಳಿದೇ ವಿಮೆ ಏಜೆಂಟ್ ಲ್ಯಾನ್ಸಿ ಪೊರ್ಬು ಕಡವು ದಾಟಿ ಬಂದು ನಮ್ಮ ಜಗಲಿಯಲ್ಲಿ ಕೂತದ್ದು.

“ಗಿರಿಯಪ್ಪಣ್ಣ, ದೋಣಿ ಅಳಿಯನಿಗೆ ಆಯ್ತು. ರಾಜೀವಿಯಕ್ಕನಿಗೆ ಎಂತ ಉಂಟು?”

“ಅವಳಿಗೆ ನಾನುಂಟು.”

“ನೀವು ಹೋದ ಮೇಲೆ?”

ಮಾವ ಬಲೆ ನೇಯುವ ಕೈ ನಿಲ್ಲಿಸಿದ. ಆ ವಾರದಿಂದ ಅವನ ಕಳ್ಳು ನಿಂತಿತು. ಆ ದುಡ್ಡು ಬಿದಿರಿನ ಅಂಡೆಯೊಳಗೆ ಬೀಳತೊಡಗಿತು. ಮಾವನ ಜೀವದ ಮೇಲೆ, ರಾಜೀವಿ ಅತ್ತೆಯ ಹೆಸರಿಗೆ ಸಾವಿರ ರೂಪಾಯಿಯ ವಿಮೆ ಮಾಡಿಸುವುದೆಂದು ನಿಶ್ಚಯವಾಯಿತು. ಅದಕ್ಕೆ ಡಾಕ್ಟರು ಒಮ್ಮೆ ಮೈ ನೋಡಿ ಬರೆದುಕೊಡಬೇಕಿತ್ತು. ಹೊರಡಬೇಕಾದ ದಿನ ಬೆಳಿಗ್ಗೆಯೇ ಸಮುದ್ರದಲ್ಲಿ ಬಂಗುಡೆ ಮೀನಿನ ಹಿಂಡು ಎದ್ದಿತು.

“ಕಿಟ್ಟು, ನೀನು ಹೋಗಿ ತೋರಿಸಿ ಬಾ ಮಾರಾಯ,” ಅಂದ ಮಾವ, ಹಗ್ಗ ಬಿಚ್ಚುತ್ತಾ.

“ನೋಡಬೇಕಾದ್ದು ನಿಮ್ಮ ಮೈ, ಮಾವ.”

“ನನ್ನ ಮೈ ಬೇರೆ, ನಿನ್ನದು ಬೇರೆಯಾ? ಮಾವ ಅಳಿಯ ಅಂದರೆ ಒಂದೇ ಬಳಿ, ತಾಯಿ ಕಡೆಯ ಒಂದೇ ರಕ್ತ. ನನ್ನ ಮಗಳೇ ಬೇರೆ ಬಳಿ. ಡಾಕ್ಟರು ಕಾಯ್ತಾರೆ, ಬಂಗುಡೆ ಕಾಯ್ತದಾ?”

ಡಾಕ್ಟರೂ ಕಾಯುವವರಲ್ಲ ಎಂದು, ಕರೆದೊಯ್ಯಲು ಬಂದಿದ್ದ ಪೊರ್ಬುಗಳು ನನ್ನ ರಟ್ಟೆ ಹಿಡಿದು ಎಳೆದರು. “ಮುಂದಿನ ತಿಂಗಳವರೆಗೆ ಅವರು ಸಿಗ್ಲಿಕ್ಕಿಲ್ಲ. ಹೋಗುವ ಬಾ. ಬಾಯಿ ಮಾತ್ರ ಮುಚ್ಚಿಕೊಂಡಿರು.”

ನನಗೆ ಬಾಯಿ ಮುಚ್ಚು ಎಂದರೆ ಹೇಗೆ? ಕಿವಿಯ ಹತ್ತಿರ ಕೂದಲಿಗೆ ಒಲೆಯ ಬೂದಿ ಸವರಿಕೊಂಡೆ. ಮಾವನ ಶಾಲು ಹೊದ್ದು ಎದೆಯಿಂದ ಸ್ವರ ತೆಗೆದೆ.

“ಹೆಸರು?” ಡಾಕ್ಟರು ಕೇಳಿದರು.

“ಗಿರಿಯಪ್ಪ.”

“ಕೆಮ್ಮು ದಮ್ಮು ಎಂತದ್ದಾದರೂ ಉಂಟಾ?”

“ಕಡಲ ಮಗನಿಗೆ ಕೆಮ್ಮೇ, ಸ್ವಾಮಿ?”

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಪೊರ್ಬುಗಳು ನನ್ನ ಕಾಲು ತುಳಿದರು. ಅಂಗಿ ತೆಗೆಸಿ, ಎದೆ ಬಡಿದು, ತೂಕ ನೋಡಿ, ಕೊನೆಗೆ ಡಾಕ್ಟರು ನನ್ನ ಎಡತೋಳು ಹಿಡಿದು ಅಲ್ಲಿದ್ದ ಸುಟ್ಟ ಕಲೆಯನ್ನು ಬರೆದುಕೊಂಡರು. ಚಿಕ್ಕಂದಿನಲ್ಲಿ ನೆರೆಮನೆಯ ದುಗ್ಗಪ್ಪನ ಹುಂಜದ ಬಾಲಕ್ಕೆ ಪಟಾಕಿ ಕಟ್ಟಲು ಹೋಗಿ ಆದ ಕಲೆ ಅದು. ಹುಂಜ ಪಾರಾಯಿತು, ತೋಳು ಸುಟ್ಟಿತು. ಆಗ ತೆಂಗಿನೆಣ್ಣೆಯಲ್ಲಿ ಸುಣ್ಣದ ತಿಳಿ ಕಲಸಿ ದಿನಾ ಹಚ್ಚಿದವಳು ರಾಜೀವಿ ಅತ್ತೆ.

“ಎಂತ ಹೇಳಿದರು ಡಾಕ್ಟರು?” ಸಂಜೆ ಮಾವ ಕೇಳಿದ.

“ನೀವು ನೂರು ವರ್ಷ ಬದುಕ್ತೀರಂತೆ.”

ಅವನು ಬುಟ್ಟಿಯಿಂದ ದೊಡ್ಡ ಬಂಗುಡೆ ಆರಿಸಿ ನನ್ನ ಕೈಗಿಟ್ಟ. ಮಾವ ನನಗಿಂತ ಗಟ್ಟಿ ಆಳು. ಅವನೇ ಹೋಗಿದ್ದರೂ ಡಾಕ್ಟರು ಸಂತೋಷದಿಂದಲೇ ಬರೆದುಕೊಡುತ್ತಿದ್ದರು.

ಎರಡು ವರ್ಷ ಒಂದು ಕಂತೂ ತಪ್ಪಲಿಲ್ಲ. ಅಂಡೆ ಒಡೆದು ಚಿಲ್ಲರೆ ಎಣಿಸುವಾಗ ಮಾವ ಅಪ್ಪಿಯನ್ನು ತೊಡೆಯ ಮೇಲೆ ಕೂರಿಸಿ, “ಇದು ನಿನ್ನ ದೋಣಿ ಮಗಾ,” ಎನ್ನುತ್ತಿದ್ದ. ಮೂರನೆಯ ವರ್ಷ, ಮಳೆಗಾಲಕ್ಕೆ ಮುಂಚಿನ ಗಾಳಿಗೆ ದೋಣಿ ಹುಡಿಯಾಯಿತು. ನನಗೆ ಬರಬೇಕಾದ ಪಾಲೆಂದು ದಡಕ್ಕೆ ಬಂದದ್ದು ನಾಲ್ಕು ಹಲಗೆ. ಮಾವ ಹೆಣವಾಗಿ ಉಳ್ಳಾಲದ ಕಡೆ ದಡ ಸೇರಿದ. ಮುಖ ಗುರುತು ಹತ್ತುತ್ತಿರಲಿಲ್ಲ. ಸೊಂಟದ ದಾರದಲ್ಲಿದ್ದ ಬೆಳ್ಳಿ ತಾಯಿತ ನೋಡಿ ಅತ್ತೆ ಅಲ್ಲೇ ಮರಳಿನ ಮೇಲೆ ಕುಸಿದಳು.

ಇನ್ನು ಅವಳಿಗೂ ಅಪ್ಪಿಗೂ ಇದ್ದದ್ದು ಆ ವಿಮೆ ಒಂದೇ. ಪೊರ್ಬುಗಳು ಅಷ್ಟರಲ್ಲಿ ಬೊಂಬಾಯಿ ಸೇರಿದ್ದರು. ಅತ್ತೆಯ ಜೊತೆ ಕೊಡಿಯಾಲ್‌ಬೈಲಿಗೆ ಹೊರಟವನು ನಾನು. ಕಡವಿನ ದೋಣಿಯಲ್ಲಿ ಇಡೀ ದಾರಿ ಡೈಲಾಗು ಉರು ಹೊಡೆದೆ.

ಅಧಿಕಾರಿ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡಿದ್ದರು. “ಗಿರಿಯಪ್ಪನ ಎಡತೋಳಿನಲ್ಲಿ ಸುಟ್ಟ ಕಲೆ ಉಂಟು ಅಂತ ನಮ್ಮ ಡಾಕ್ಟರು ಬರೆದಿದ್ದಾರೆ. ಶವದ ತೋಳಿನಲ್ಲಿ ಯಾವ ಕಲೆಯೂ ಇಲ್ಲ ಅಂತ ಪೊಲೀಸರು ಬರೆದಿದ್ದಾರೆ. ಅಂದ ಮೇಲೆ ಆ ಶವ ನಿಮ್ಮ ಗಂಡನದ್ದಲ್ಲ, ಅಮ್ಮ.”

“ಅವರದ್ದೇ ಸರ್. ತಾಯಿತ ನಾನೇ ಕಟ್ಟಿದ್ದು.”

“ಹಾಗಾದರೆ ಕಲೆ ಎಲ್ಲಿಗೆ ಹೋಯ್ತು?”

“ಅವರ ಮೈಯಲ್ಲಿ ಸುಟ್ಟ ಕಲೆ ಯಾವಾಗ...”

ಅತ್ತೆ ಮೆಲ್ಲನೆ ತಿರುಗಿ ನನ್ನ ಎಡತೋಳನ್ನು ನೋಡಿದಳು. ಕಲೆ ಇತ್ತೆಂದರೆ ಶವ ಮಾವನದಲ್ಲ. ಇರಲಿಲ್ಲವೆಂದರೆ ಡಾಕ್ಟರ ಮುಂದೆ ನಿಂತವನು ಮಾವನಲ್ಲ. ವಿಮೆಯೂ ಸುಳ್ಳು, ನನಗೆ ಜೈಲೂ ಖಂಡಿತ. ಎರಡೂ ಕಡೆ ಬಾಗಿಲು ಹಾಕಿತ್ತು, ಹಾಕಿದವನು ನಾನೇ.

“ನನಗೆ ನೆನಪಿಲ್ಲ ಸರ್,” ಅಂದಳು ಅತ್ತೆ.

ಅಧಿಕಾರಿ ನಕ್ಕರು. “ಗಂಡನ ಮೈ ನೆನಪಿಲ್ಲವಾ?”

ಆಗಲೇ ನಾನು ಮೇಜು ಗುದ್ದಿ ಗರ್ಜಿಸಿದೆ: “ಎಲವೋ ನಿರ್ದಯಿಯೇ! ಅಬಲೆಯ ಕಣ್ಣೀರಿಗೆ ಸಾಕ್ಷಿ ಕೇಳುವೆಯಾ? ಈ ತೋಳನ್ನು ನೋಡು, ಅಪರಾಧಿ ನಾನು!” ಅಧಿಕಾರಿ ಕುರ್ಚಿಯಿಂದ ಎದ್ದೇ ಬಿಟ್ಟರು.

ಎದ್ದದ್ದು ನಿಜ. ಊಟದ ಹೊತ್ತಾಗಿತ್ತು, ಅದಕ್ಕೆ ಎದ್ದರು. ಉಳಿದದ್ದು ನಾನು ಆಮೇಲೆ ಹೆಣೆದದ್ದು. ನಾನು ಗುದ್ದಲೂ ಇಲ್ಲ, ಗರ್ಜಿಸಲೂ ಇಲ್ಲ. ಮಡಚಿದ್ದ ಅಂಗಿಯ ತೋಳನ್ನು ಮೇಜಿನ ಕೆಳಗೆ ಮೆಲ್ಲನೆ ಇಳಿಸಿ ಗುಂಡಿ ಹಾಕಿಕೊಂಡೆ, ಅಷ್ಟೇ. “ಕಾಣೆಯಾದವ ಅಂತ ಲೆಕ್ಕ ಹಿಡಿಯಬೇಕಾದರೆ ಏಳು ವರ್ಷ ಆಗಬೇಕು. ಆಮೇಲೆ ಬನ್ನಿ,” ಎಂದು ಅವರು ಛತ್ರಿ ತೆಗೆದುಕೊಂಡು ಹೋದರು.

ವಾಪಸು ಬರುವಾಗ ಕಡವಿನ ದೋಣಿಯಲ್ಲಿ ಅತ್ತೆ ನೀರನ್ನೇ ನೋಡುತ್ತಿದ್ದಳು. ಅರ್ಧ ದಾಟಿದ ಮೇಲೆ ಕೇಳಿದಳು:

“ಈಗಲೂ ನೋಯ್ತದಾ, ಕಿಟ್ಟು?”

“ಎಂತ ಅತ್ತೆ?”

“ತೋಳು.”

“ಇಲ್ಲ ಅತ್ತೆ.”

ಆ ದಿನ ನನ್ನ ಬಾಯಿಯಿಂದ ಹೊರಟ ಮಾತು ಅಷ್ಟೇ.