ಬಲಗಡೆಯ ಉತ್ತರ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇದು ಇಡೀ ಕಾಲೇಜಿಗೆ ಗೊತ್ತು. ಗಣಿತ ಕಲಿಸುವವಳಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ? ಹೋದ ವರ್ಷ ಪಟಪಟನೆ ಲೆಕ್ಕ ಮಾಡಿದ ಮಕ್ಕಳೇ ಕ್ಯಾಲ್ಕುಲಸ್ ಶುರುವಾದ ಕೂಡಲೇ ಪಿಳಿಪಿಳಿ ಕಣ್ಣು ಬಿಡುತ್ತಾರೆ. ತಪ್ಪು ಅವರದೊಂದೇ ಅಲ್ಲ. ಸೊನ್ನೆಯಿಂದ ಭಾಗಿಸಬೇಡಿ ಎಂದು ವರ್ಷವಿಡೀ ಗಂಟಲು ಹರಿದುಕೊಂಡವರು ನಾವೇ. ಮೇಲೆ ಕೆಳಗೆ ಒಂದೇ ಪದ ಬಂದರೆ ಹೊಡೆದುಹಾಕಿ, ಮುಂದೆ ಹೋಗಿ ಎಂದವರೂ ನಾವೇ. ಈಗ ಅದೇ ಸೊನ್ನೆಯ ಹತ್ತಿರ ಹತ್ತಿರ ಹೋಗಿ, ಮುಟ್ಟಬೇಡಿ, ಅಲ್ಲೇನಿದೆ ಹೇಳಿ ಅಂದರೆ ಯಾವ ಮಗುವಿಗೆ ತಲೆ ಕೆಡುವುದಿಲ್ಲ?

ದರ್ಜಿಯ ಮಗಳ ವಿಷಯ ಮಾತ್ರ ಬೇರೆ. ಬರೆದದ್ದನ್ನೆಲ್ಲ ಉಜ್ಜುತ್ತಾಳೆಂದು ತರಗತಿಯಲ್ಲಿ ಅವಳಿಗೆ 'ರಬ್ಬರು' ಅಂತಲೇ ಹೆಸರು. ಹೋದ ವರ್ಷ ಎಲ್ಲರಿಗಿಂತ ಮುಂದಿದ್ದವಳು. ಈ ವರ್ಷ ಪ್ರತಿ ಲೆಕ್ಕದಲ್ಲೂ, ಕೊಟ್ಟ ಬಿಂದುವಿಗೆ ಎಡಗಡೆಯಿಂದ ಹತ್ತಿರ ಬಂದರೆ ಏನು ಸಿಗುತ್ತದೆ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆಯುವಳು. ಬಲಗಡೆಯಿಂದ ಎಂಬಲ್ಲಿ ಉಜ್ಜಿ ಉಜ್ಜಿ ಕಾಗದವೇ ತೂತು. ಎರಡೂ ಕಡೆಯ ಉತ್ತರ ಒಂದೇ ಆದರೆ ತಾನೇ ಲಿಮಿಟ್ ಇದೆ ಎನ್ನುವುದು? ಸೋಮವಾರದ ಮರುಪರೀಕ್ಷೆಯಲ್ಲೂ ಹೀಗೇ ಮಾಡಿದರೆ ಅವಳನ್ನು ಗಣಿತದಿಂದ ತೆಗೆದುಬಿಡುತ್ತಾರೆ. ಆ ಹುಡುಗಿಗೋ ಗಣಿತವೇ ಜೀವ.

"ಬಲಗಡೆ ಬರೆಯೋಕೆ ಏನು ರೋಗ ನಿನಗೆ?" ಎಂದು ಗದರಿದೆ.

"ಆ ಕಡೆಯಿಂದ ಏನು ಕೇಳ್ಸತ್ತೋ ನನಗೆ ಗೊತ್ತಿಲ್ಲ ಮೇಡಂ," ಎಂದಳು.

ಲೆಕ್ಕ ಯಾರಿಗೆ ಕೇಳಿಸುತ್ತದೆ? ಸಿಟ್ಟು ನೆತ್ತಿಗೇರಿತು. ಅವಳಪ್ಪನಿಗೂ ನಾಲ್ಕು ಮಾತು ಹೇಳಿಬರೋಣ ಎಂದು ಸಂಜೆ ಅವಳ ಜೊತೆಯಲ್ಲೇ ಹೊರಟೆ.

ಮನೆಯ ಮುಂದಿನ ಕೋಣೆ ಉದ್ದಕ್ಕಿತ್ತು. ಒಂದು ತುದಿಯಲ್ಲಿ ಅವಳ ಓದುವ ಮೇಜು, ಇನ್ನೊಂದು ತುದಿಯಲ್ಲಿ ಅಪ್ಪ ಬಟ್ಟೆ ಕತ್ತರಿಸುವ ಮೇಜು. ನಡುವೆ ಕಿಟಕಿಯ ಕೆಳಗೆ ಖಾಲಿ ನೆಲ. ಅಪ್ಪ ನನಗೆ ಕುರ್ಚಿ ತಂದರು, ಆ ಜಾಗವನ್ನು ತುಳಿಯದೆ ಸುತ್ತುಬಳಸಿ. ಮಗಳು ನೀರು ತಂದಳು, ಅವಳೂ ಸುತ್ತುಬಳಸಿಯೇ. ನೆಲದ ಮೇಲೆ ಭಾರವಾದದ್ದೇನೋ ಬಹಳ ಕಾಲ ನಿಂತಿದ್ದ ನಾಲ್ಕು ಗುರುತುಗಳಿದ್ದವು.

"ಹೊಲಿಗೆ ಮೆಷೀನು ಎಲ್ಲಿ?" ಎಂದು ಕೇಳಿದೆ.

"ಮಾರಿಬಿಟ್ಟೆ ಮೇಡಂ. ಹೊಲೀತಿದ್ದೋಳು ಇವಳಮ್ಮ. ಹೋದ ಬೇಸಿಗೇಲಿ ತೀರ್ಕೊಂಡ್ಲು." ಅವರು ಕತ್ತರಿಯಿಂದ ಕಣ್ಣೆತ್ತಲಿಲ್ಲ. "ಆ ಮಾತು ಮನೇಲಿ ನಾವು ಎತ್ತಲ್ಲ."

ಗೋಡೆಯಲ್ಲಿ ಆ ತಾಯಿಯದೊಂದು ಫೋಟೋ ಕೂಡ ಇರಲಿಲ್ಲ. ಹೊಡೆದುಹಾಕಿ ಮುಂದೆ ಹೋಗಿದ್ದರು.

ಹುಡುಗಿ ನನ್ನ ಕೈಹಿಡಿದು ತನ್ನ ಮೇಜಿನ ಹತ್ತಿರ ನಿಲ್ಲಿಸಿದಳು. "ಇಲ್ಲಿಂದ ನಿಧಾನಕ್ಕೆ ಬನ್ನಿ ಮೇಡಂ."

ಮೊದಲು ಏನೂ ಇಲ್ಲ. ಇನ್ನಷ್ಟು ಮುಂದೆ ಹೋದಾಗ ಸಣ್ಣಗೆ ಟಕಟಕ ಸದ್ದು. ಹತ್ತಿರವಾದಷ್ಟೂ ಜೋರಾಯಿತು, ಕಾಲಿನಡಿಯ ಪೆಡಲು, ಚಕ್ರ, ಬಟ್ಟೆಗೆ ಕುಟ್ಟುವ ಸೂಜಿ, ಮೆಷೀನಿಗೆ ಬಿಡುವ ಎಣ್ಣೆಯ ವಾಸನೆ. ನನಗೆ ತಾಳ್ಮೆ ಎಲ್ಲಿಂದ ಬರಬೇಕು? ನಾಲ್ಕು ಗುರುತುಗಳ ಮಧ್ಯೆಯೇ ಕಾಲಿಟ್ಟೆ. ಸದ್ದು ನಿಂತಿತು. ಬೀದಿಯ ಗದ್ದಲವೂ ಇಲ್ಲ, ನನ್ನ ಉಸಿರೂ ನನಗೆ ಕೇಳಿಸಲಿಲ್ಲ. ಥಟ್ಟನೆ ಹಿಂದೆ ಸರಿದೆ. ಮತ್ತೆ ಟಕಟಕ ಶುರುವಾಯಿತು.

"ಅಲ್ಲಿ ಏನೂ ಇಲ್ಲ ಮೇಡಂ, ಹತ್ತಿರ ಬಂದ್ರೆ ಮಾತ್ರ ಇದೆ," ಎಂದಳು ಹುಡುಗಿ. "ಆ ಕಡೆ ಇರೋದು ಅಪ್ಪ. ಅವರು ಏನೂ ಕೇಳ್ಸಲ್ಲ ಅಂತಾರೆ. ನಾನೇ ಆ ಕಡೆ ಹೋದ್ರೂ ಕೇಳೋಳು ನಾನೇ ತಾನೆ? ಒಂದೇ ಕಡೆಯಿಂದ ಇದ್ರೆ ಇದೆ ಅಂತ ಬರೀಬಾರದು ಅಂದೋರು ನೀವೇ."

ನನ್ನ ಪಾಠ ನನಗೇ ತಿರುಗಿಬಂದಿತ್ತು. ದರ್ಜಿಯ ಕಡೆ ತಿರುಗಿದೆ.

"ಚಿಕ್ಕ ಹುಡುಗಿ, ಏನೋ ಭ್ರಮೆ..." ಎಂದರು ಅವರು.

"ನನಗೂ ಕೇಳಿಸ್ತು. ನಿಮಗೆ ಕೇಳ್ಸತ್ತೋ ಇಲ್ವೋ, ಅಷ್ಟು ಹೇಳಿ ಸಾಕು."

ಅವರು ಕತ್ತರಿ ಕೆಳಗಿಟ್ಟರು. ತಮ್ಮ ಮೇಜಿನ ಕಡೆಯಿಂದ ಒಂದೊಂದೇ ಹೆಜ್ಜೆ ಬಂದರು. ಗುರುತುಗಳ ಹತ್ತಿರ ನಿಂತಾಗ, ಅವರ ಬಲಗಾಲಿನ ಬೆರಳು ತಾನಾಗಿ ನೆಲವನ್ನು ತಟ್ಟತೊಡಗಿತು. ನನ್ನ ಕಿವಿಗೆ ಬೀಳುತ್ತಿದ್ದ ತಾಳವೇ ಅದು, ಒಂದು ಕುಟ್ಟೂ ತಪ್ಪಲಿಲ್ಲ.

"ದಿನಾ ಕೇಳ್ಸತ್ತೆ ಪುಟ್ಟಿ," ಎಂದರು. "ತಡ್ಕೊಳ್ಳೋಕಾಗದೆ ತಾನೇ ಮೆಷೀನು ಮಾರಿದ್ದು. ಆಮೇಲೂ ನಿಲ್ಲಲಿಲ್ಲ. ನಿನಗೆ ಹೇಳಿದ್ರೆ ನೀನು ಹೆದರ್ತೀಯ ಅಂತ..."

ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. ಅಪ್ಪ ಆ ಕಡೆ, ಮಗಳು ಈ ಕಡೆ. ಮಧ್ಯದ ಜಾಗಕ್ಕೆ ಇಬ್ಬರೂ ಕಾಲಿಡಲಿಲ್ಲ, ಅದರ ಮೇಲಿಂದಲೇ ಕೈಚಾಚಿ ಹಿಡಿದುಕೊಂಡರು. ಹೇಳಬೇಕೆಂದಿದ್ದ ನಾಲ್ಕು ಮಾತು ನುಂಗಿಕೊಂಡು ನಾನು ಹೊರಟುಬಂದೆ.

ಸೋಮವಾರ ಅವಳ ಉತ್ತರಪತ್ರಿಕೆಯನ್ನೇ ಮೊದಲು ಎತ್ತಿಕೊಂಡೆ. ಎಡಗಡೆಯಿಂದ ಬಂದ ಉತ್ತರ, ಅದರ ಪಕ್ಕದಲ್ಲೇ ಬಲಗಡೆಯದು, ಎರಡೂ ಒಂದೇ. ಕೆಳಗೆ ಎರಡು ಸಾಲು: ಆ ಬಿಂದುವಿನಲ್ಲಿ ಬೆಲೆ ಇಲ್ಲ. ಲಿಮಿಟ್ ಇದೆ.

ಎಲ್ಲೂ ಉಜ್ಜಿರಲಿಲ್ಲ.