ದುಭಾಷಿಯ ಮನೆಯವರು

"ಸ್ವಲ್ಪ ಆ ಕಡೆ ಹಿಡ್ಕೊಳ್ಳಿ," ಎನ್ನುತ್ತ ಮಗಳು, ತೀರಿಕೊಂಡ ಅಮ್ಮನನ್ನು ಮಲಗಿಸಿದ್ದ ಪೆಟ್ಟಿಗೆಯ ಮುಂದಿನಿಂದ ಹೂಗುಚ್ಛಗಳನ್ನು ಸರಿಸುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಪರದೇಶದ ಮುದುಕನೊಬ್ಬ ಕಾಣಿಸಿಕೊಂಡ. ವಿಮಾನದಿಂದ ಇಳಿದು ನೆಟ್ಟಗೆ ಇಲ್ಲಿಗೇ ಬಂದಿರಬೇಕು. ಸೂಟ್‌ಕೇಸ್ ಕೈಯಲ್ಲೇ ಇತ್ತು.

"ಯಾರೇ ಅದು?" ಚಿಕ್ಕಮ್ಮ ಪಿಸುಗುಟ್ಟಿದಳು.

"ಅಮ್ಮನ ಜೊತೆ ಉಪಗ್ರಹದ ಕೆಲಸದಲ್ಲಿ ಇದ್ದೋರು. ಪರದೇಶದ ಕಡೆಯ ಮುಖ್ಯ ಇಂಜಿನಿಯರು. ಫೋಟೋದಲ್ಲಿ ನೋಡಿದೀನಿ."

"ಅಯ್ಯೋ, ಸಮುದ್ರ ದಾಟಿ ಬಂದ್ರಾ! ಅಪ್ಪನಿಗೆ ಹೇಳು, ಹೋಗಿ ಕರ್ಕೊಂಡು ಬರ್ಲಿ."

"ನೀನೇ ಹೇಳು ಚಿಕ್ಕಮ್ಮ."

ಅಪ್ಪ ಕೂತಿದ್ದದ್ದು ಅಲ್ಲೇ, ಕೈಗೆಟುಕುವಷ್ಟು ದೂರದಲ್ಲಿ.

*

ಎರಡು ಖಂಡಗಳು ಸೇರಿ ಉಪಗ್ರಹ ಕಟ್ಟುತ್ತಿದ್ದ ಕಾಲದಲ್ಲಿ ಅಮ್ಮ ಎರಡೂ ಕಡೆಯವರ ನಡುವಿನ ದುಭಾಷಿ. ಒಮ್ಮೆ ಬಿಡಿಭಾಗ ತಡವಾಯಿತೆಂದು ಮುಖ್ಯಸ್ಥರಿಬ್ಬರೂ ಮೇಜು ಗುದ್ದಿದ್ದರು. "ನಿಮಗೆ ಯೋಗ್ಯತೆಯೇ ಇಲ್ಲ" ಎಂದು ಆ ಕಡೆಯವನು ಕೂಗಿದ್ದನ್ನು ಅಮ್ಮ, "ಅವರಿಗೆ ತುಂಬ ಆತಂಕವಾಗಿದೆ" ಎಂದು ದಾಟಿಸಿದ್ದಳು. ಕೆಲಸ ಮುರಿಯದೆ ಉಳಿಯಿತು. ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಆಗ ಮನೆಯಲ್ಲಿ ಅಪ್ಪನಿಗೂ ಮಗಳಿಗೂ ಮಾತು ನಿಂತಿತ್ತು. ಅವಳು ಮೆಚ್ಚಿದವನನ್ನು ಅಪ್ಪ ಹೊಸ್ತಿಲಲ್ಲೇ ತಡೆದು ವಾಪಸು ಅಟ್ಟಿದ್ದ.

"ನನ್ನ ಮಾತನ್ನೂ ಅಪ್ಪನಿಗೆ ಹಾಗೇ ದಾಟಿಸಮ್ಮ."

"ಮನೇಲೂ ಅದೇ ಕೆಲಸಾನಾ? ಇಬ್ಬರೂ ಆಡೋದು ಒಂದೇ ಭಾಷೆ ಅಲ್ವೇನೇ!"

ಉಡಾವಣೆ ನೋಡಲು ಮನೆಯವರಿಗೆಂದು ಅಮ್ಮನಿಗೆ ಎರಡು ಸೀಟು ಸಿಕ್ಕಿದ್ದವು. ಅಪ್ಪ ಬಂದರೆ ತಾನು ಬರುವುದಿಲ್ಲವೆಂದಳು ಮಗಳು. ಅವಳು ಬಂದರೆ ತಾನಿಲ್ಲವೆಂದ ಅಪ್ಪ. ಎರಡು ಸೀಟೂ ಖಾಲಿ ಉಳಿದವು, ರಾಕೆಟ್ ತನ್ನ ಪಾಡಿಗೆ ಮೇಲೇರಿತು. "ಹೇಗಿತ್ತಮ್ಮ?" ಎಂದು ಮಗಳು ಕೇಳಿದರೆ, "ಚೆನ್ನಾಗಿತ್ತು," ಎಂದಳು ಅಮ್ಮ. ಆಮೇಲೆ ಅವಳು ಮನೆಯಲ್ಲಿ ಆ ಕೆಲಸದ ಸುದ್ದಿ ಎತ್ತಲೇ ಇಲ್ಲ.

*

ಮುದುಕ ಪೆಟ್ಟಿಗೆಯ ಬಳಿ ನಿಂತು ಮಾತಾಡತೊಡಗಿದ. ಒಂದಕ್ಷರವೂ ಯಾರಿಗೂ ತಿಳಿಯಲಿಲ್ಲ. ಚಿಕ್ಕಪ್ಪ ಅನುವಾದಕ್ಕೆಂದು ಮೊಬೈಲ್ ಹಿಡಿದ. ಅದು "ತೂಕದ ಹೆಂಗಸು" ಎಂದೇನೋ ಒದರಿತು.

"ಆರಿಸೋ ಅದನ್ನ," ಅಪ್ಪ ಗದರಿದ. ಆಮೇಲೆ ಯಾರ ಮುಖವನ್ನೂ ನೋಡದೆ, "ನಾವು ಯಾವತ್ತಾದ್ರೂ ಅವಳ ಮಾತು ಕೇಳಿದ್ವಾ?" ಎಂದ.



ಮುದುಕ ಒಂದು ವಾಕ್ಯ ಆಡಿ ನಿಲ್ಲಿಸುತ್ತಿದ್ದ. ತಲೆಯನ್ನು ತುಸು ಎಡಕ್ಕೆ ವಾಲಿಸಿ, ಆ ವಾಕ್ಯ ಇನ್ನೊಂದು ಭಾಷೆಗೆ ದಾಟಲು ಬೇಕಾಗುವಷ್ಟು ಹೊತ್ತು, ಕಣ್ಣು ತಗ್ಗಿಸಿ ಕಾಯುತ್ತಿದ್ದ. ಬಳಿಕ ಮುಂದಿನ ವಾಕ್ಯ. ಮತ್ತೆ ಕಾಯುತ್ತಿದ್ದ.