ಕಾಲಾಣೆಯ ಮೇಲಿನ ಹೆಬ್ಬೆರಳು

“ಈ ಕಲೆ ಓಗಾಕಿಲ್ಲ ಕದಿರಪ್ಪಣ್ಣ. ಉಜ್ಜಿದ್ರೆ ನಾಣ್ಯಾನೇ ಸತ್ತೋಯ್ತದೆ,” ಎಂದ ರಾಜ್‌ಕುಮಾರ್, ಕದಿರಪ್ಪನ ಮೊಬೈಲಿನಲ್ಲಿದ್ದ ನಾಣ್ಯದ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡುತ್ತ.

ರಾಬರ್ಟ್‌ಸನ್‌ಪೇಟೆಯ ಗಲ್ಲಿಯೊಂದರಲ್ಲಿ ಅವನದು ವಾಚು ರಿಪೇರಿ ಅಂಗಡಿ. ಗಾಜಿನ ಕೆಳಗೆ ಒಂದು ಕಡೆ ನಿಂತುಹೋದ ವಾಚುಗಳು, ಇನ್ನೊಂದು ಕಡೆ ಹಳೇ ನಾಣ್ಯಗಳು. ಎರಡರಲ್ಲಿ ಯಾವುದು ಹೊಟ್ಟೆ ಹೊರೆಯುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

“ತಾಮ್ರ ಅಂದ್ರೆ ಎಳೆ ಕೂಸಿದ್ದಂಗೆ ಅಣ್ಣಾ. ಅಂಚಲ್ಲಿ ಇಡ್ಕೋಬೇಕು. ಇಷ್ಟು ವರ್ಷ ಕೆಂಪಗೆ ಇತ್ತಲ್ಲ, ರಾಜನ ಕೆನ್ನೆ ಮೇಲೇ ಎಬ್ಬೆಟ್ಟು ಒತ್ತವ್ನಲ್ಲ, ಯಾವನಪ್ಪ ಆ ಪುಣ್ಯಾತ್ಮ?”

“ನನ್ ಮಗಳು,” ಎಂದ ಕದಿರಪ್ಪ.

ರಾಜ್‌ಕುಮಾರನ ಬೆರಳು ಫೋಟೋದ ಮೇಲೆ ಹಾಗೇ ನಿಂತಿತು. ನವ್ಯ ಅವನಿಗೂ ಗೊತ್ತಿದ್ದವಳೇ. ಅಪ್ಪನ ಜೊತೆ ಬಂದಾಗಲೆಲ್ಲ ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಿದ್ದ ಹುಡುಗಿ. ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ ಡೆಂಗಿ ಜ್ವರ ಬಂದು, ಆಸ್ಪತ್ರೆಯಿಂದ ಮನೆಗೆ ವಾಪಸ್ಸು ಬರಲೇ ಇಲ್ಲ.

“ಅದನ್ನ ತೆಗೀಬೇಡ,” ಎಂದ ಕದಿರಪ್ಪ. “ಉಳಿಸ್ಬೇಕು. ಅದಕ್ಕೇ ಬಂದೆ.”

“ಕಲೆ ಉಳಿಸ್ಕೊಡು ಅಂತ ನಮ್ಮಂಗಡೀಗೆ ಬಂದೋನು ನೀನೊಬ್ಬನೇ,” ಎಂದು ರಾಜ್‌ಕುಮಾರ್ ನಗಲು ನೋಡಿ, ಆಗದೆ, ತಿರುಗಿ ಡ್ರಾಯರು ಹುಡುಕತೊಡಗಿದ.

ಬ್ರಿಟಿಷರ ಕಾಲದ ಆ ಕಾಲಾಣೆ ಕದಿರಪ್ಪನ ಅಪ್ಪನದು. ಮೈಸೂರು ಮೈನ್ಸಿನಲ್ಲಿ ಚಿನ್ನದ ಸುರಂಗಕ್ಕಿಳಿಯುತ್ತಿದ್ದ ಆತ ಉರಿಗಾಂನ ಲೈನುಮನೆಯ ಗೂಡಲ್ಲಿ ಅದನ್ನು ಮೇಣದ ಕಾಗದಕ್ಕೆ ಸುತ್ತಿ ಇಟ್ಟಿದ್ದ. ಗಾಳಿ ಸೋಕದೆ ಅದು ಟಂಕಸಾಲೆಯಿಂದ ನಿನ್ನೆ ಬಂದ ಹಾಗೆ ಕೆಂಪಗೆ ಉಳಿದಿತ್ತು. ಮೈನ್ಸು ಮುಚ್ಚಿ, ಸಂಸಾರ ಬಂಗಾರಪೇಟೆ ಕಡೆಯ ಹಳ್ಳಿಗೆ ಬಂದು ಹಸು ಕಟ್ಟಿಕೊಂಡಾಗ ನಾಣ್ಯವೂ ಜೊತೆಗೆ ಬಂತು. ಒಂದು ಸಂಜೆ ನವ್ಯ ಬಂಗಾರಪೇಟೆಯಲ್ಲಿ ಪಾನಿಪುರಿ ತಿಂದು ಬಂದವಳು, ಕೈ ತೊಳೆಯದೆ ಅದನ್ನು ಬಿಚ್ಚಿ, “ಅಪ್ಪಾ, ಈ ಬೋಳು ರಾಜಂಗೆ ಕಿರೀಟ ಕೊಡೋಕೂ ಗತಿ ಇರ್ಲಿಲ್ವಾ?” ಎಂದು ಕೇಳಿ, ನಕ್ಕು, ಮತ್ತೆ ಸುತ್ತಿ ತನ್ನ ಪೆಟ್ಟಿಗೆಯಲ್ಲಿ ಇಟ್ಟಿದ್ದಳು.

ಮೊನ್ನೆ ಕದಿರಪ್ಪ ಅವಳ ಪೆಟ್ಟಿಗೆ ತೆರೆದು ನಾಣ್ಯವನ್ನು ಬಿಸಿಲಿಗೆ ಓರೆ ಮಾಡಿದಾಗ ರಾಜನ ಕೆನ್ನೆಯಲ್ಲಿ ಕಪ್ಪಗೆ ಒಂದು ಸುಳಿ ಕಂಡಿತು. ಸುಳಿಗೆ ಅಡ್ಡಲಾಗಿ ಒಂದು ಗೀಟು. ಹುಲ್ಲು ಕೊಯ್ಯುವಾಗ ನವ್ಯಳಿಗೆ ಕುಡುಗೋಲು ತಾಗಿ ಆದ ಗಾಯದ ಗುರುತು ಅದು. ಅವನೇ ಅರಿಶಿನ ಮೆತ್ತಿದ್ದ ಹೆಬ್ಬೆರಳು.

“ಕೈಯ ಉಪ್ಪು, ಎಣ್ಣೆ ಎಲ್ಲಾ ತಾಮ್ರದೊಳಕ್ಕೆ ಇಳಿದದೆ,” ಎಂದ ರಾಜ್‌ಕುಮಾರ್, ಪಾರದರ್ಶಕ ಪ್ಲಾಸ್ಟಿಕ್ಕಿನ ಪುಟ್ಟ ದುಂಡು ಡಬ್ಬಿಯನ್ನು ಬಾಯಿಂದ ಊದಿ ಒರೆಸುತ್ತ. “ಗಾಳಿ ಬಿದ್ರೆ ಕಪ್ಪು ಅರಡ್ಕೊಂಡು ಗೆರೆ ಗೆರೆ ಕೂಡ್ಕೊತವೆ. ಇದ್ರೊಳಗೆ ಆಕಿ ಮುಚ್ಚಿಬಿಡು. ನಾವು ಓದ್ಮೇಲೂ ಇರ್ತದೆ. ನೀರು ತೋರಿಸ್ಬೇಡ, ಬಟ್ಟೆ ತೋರಿಸ್ಬೇಡ. ಮನೇಲಿ ಅಕ್ಕಂಗೆ ಗೊತ್ತಾ?”

“ಅವಳಿಗೆ ಏಳಿಲ್ಲ. ಈಗಲೇ ಏಳಿದ್ರೆ ಮುಟ್ಟಿ ಮುಟ್ಟಿ ನೋಡಿ ಸವೆಸಿಬಿಡ್ತಾಳೆ ಕಣಪ್ಪ. ನಾಳೆ ಮಗೀಗೆ ವರ್ಷದ ಎಡೆ ಇಡ್ತೀವಲ್ಲ, ಆಗ ಡಬ್ಬಿ ಸಮೇತ ಕೈಗೆ ಕೊಡ್ತೀನಿ. ನಾಣ್ಯಾನೂ ತರ್ಲಿಲ್ಲ ನೋಡು, ಬಸ್ಸಲ್ಲಿ ಎಲ್ಲಿ ಉಜ್ಜೋಯ್ತದೋ ಅಂತ.”

ಬಸ್ಸಿಳಿದು ಮನೆಯವರೆಗೂ ಅವನ ಕೈ ಜೇಬಿನ ಡಬ್ಬಿಯ ಮೇಲೇ ಇತ್ತು. ವರ್ಷದಿಂದ ಹೆಂಡತಿಗೆ ಕೊಡಲು ಏನೂ ಇರಲಿಲ್ಲ. ಸಮಾಧಾನದ ಮಾತು ಕೂಡ. ಈಗ ಒಂದು ಸಿಕ್ಕಿತ್ತು.

ಹೆಂಡತಿ ಮುನಿನಾರಾಯಣಮ್ಮ ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದಳು. ಎಡೆಗೆಂದು ಬೆಳಗಿದ ದೀಪ, ಚೊಂಬು, ತಟ್ಟೆ ಎಲ್ಲ ಬಿಸಿಲಿಗೆ ಬೋರಲು ಬಿದ್ದಿದ್ದವು. ಕೈಯೆಲ್ಲ ಹುಣಸೆಹಣ್ಣು.

“ಬಂದ್ಯಾ? ಇಲ್ಲಿ ನೋಡು ಬಾ,” ಎಂದು ಸೆರಗಿನ ತುದಿಯಲ್ಲಿ ಏನನ್ನೋ ಒರೆಸಿ ಅಂಗೈ ಚಾಚಿದಳು. “ಮಗೀನ ಬೋಳು ರಾಜ. ಪೆಟ್ಟಿಗೇಲಿ ಸೀರೆ ತೆಗೆಯಾಕೋದ್ರೆ ಸಿಕ್ತು. ಮಕದ ಮೇಲೆ ಎಂಥದೋ ಕಪ್ಪು ಇಡಿದಿತ್ತು, ಬಿಡ್ಲೇ ಇಲ್ಲ ಅದು. ಹುಣಸೆ, ಉಪ್ಪು, ಆಮೇಲೆ ಬೂದಿ, ಎಲ್ಲಾ ಆಕಿ ತಿಕ್ಕಿದ್ದಾಯ್ತು. ನಾಳೆ ಅವಳ ಫೋಟೋ ಮುಂದೆ ಇಡಾನ. ಕಪ್ಪಗಿದ್ರೆ ಬೇಜಾರ್ ಮಾಡ್ಕೊಳ್ಳಾಕಿಲ್ವಾ ಅವಳು?”

ಅಂಗೈಯಲ್ಲಿ ಕಾಲಾಣೆ ಹೊಸ ಬಿಂದಿಗೆಯಂತೆ ಹೊಳೆಯುತ್ತಿತ್ತು. ಕದಿರಪ್ಪ ಅದನ್ನು ಎತ್ತಿಕೊಂಡು ಬಿಸಿಲಿಗೆ ಓರೆ ಮಾಡಿದ. ಇನ್ನೊಂದು ಕಡೆಗೆ ಓರೆ ಮಾಡಿದ. ರಾಜನ ಕೆನ್ನೆಯಲ್ಲಿ ಬೂದಿಯ ಸಣ್ಣ ಸಣ್ಣ ಗೀರುಗಳು ಬಿಟ್ಟರೆ ಏನೂ ಇರಲಿಲ್ಲ.

“ಯಾಕೆ, ಇನ್ನೂ ಐತಾ ಕಪ್ಪು?”

ತಲೆಯೆತ್ತಿ ನೋಡಿದ. ಅವಳ ಮುಖದಲ್ಲಿ ಒಂದು ಸಣ್ಣ ನಗು ಬಂದು, ಇರಲೋ ಬೇಡವೋ ಎನ್ನುವಂತೆ ನಿಂತಿತ್ತು. ಆ ಮುಖದಲ್ಲಿ ನಗು ಕಂಡು ವರ್ಷವಾಗಿತ್ತು.

“ಇಲ್ಲ,” ಎಂದ. “ಎಲ್ಲಾ ಓಗೈತೆ.”

“ಚೆನ್ನಾಗೈತಾ?”

“ಚೆನ್ನಾಗೈತೆ ಕಣೇ.”

“ಜೇಬಲ್ಲಿ ಅದೇನು, ಆವಾಗ್ಲಿಂದ ಇಡ್ಕೊಂಡೇ ಇದ್ದೀಯ?”

“ವಾಚಿನ ಗಾಜು. ರಾಜ್‌ಕುಮಾರ ಕೊಟ್ಟ.”

“ವಾಚೇ ಇಲ್ಲ ನಿನ್ನತ್ರ, ಗಾಜು ಯಾಕೋ,” ಎನ್ನುತ್ತ ಅವಳು ನಾಣ್ಯ ತೊಳೆದು ಬೇಸಿನ್ನಿನಲ್ಲಿ ಉಳಿದಿದ್ದ ಕಂದು ನೀರನ್ನು ಕನಕಾಂಬರದ ಬುಡಕ್ಕೆ ಸುರಿದು, ನಾಣ್ಯ ಇಸಿದುಕೊಂಡು ಒಳಗೆ ಹೋದಳು.

ಹುಣಸೆ ಉಪ್ಪಿನ ವಾಸನೆಗೆ ಕರು ಬಾಲ ಎತ್ತಿಕೊಂಡು ಓಡಿಬಂದು ಆ ಒದ್ದೆ ಮಣ್ಣಿಗೆ ನಾಲಗೆ ಹಾಕಿತು. ಕದಿರಪ್ಪ ಧಡಕ್ಕನೆ ಹೋಗಿ ಅದರ ಕತ್ತು ತಬ್ಬಿ ಹಿಂದಕ್ಕೆ ಎಳೆದ. ಕರು ಕೊಸರಾಡಿತು, ಕೂಗಿತು. ನೀರೆಲ್ಲ ಮಣ್ಣಿನೊಳಕ್ಕೆ ಇಂಗುವವರೆಗೂ ಅವನು ಅದನ್ನು ಬಿಡಲಿಲ್ಲ.